ನೆರೆಯವನ ಮಾತು, ದೂರದ ದಾರಿ: ಗಣಕಜಾಲಗಳಲ್ಲಿ ಮಾರ್ಗನಿರ್ಣಯದ ವಿಚಾರ

ಅಮೆರಿಕದ ಯಾವುದೋ ಪಟ್ಟಣದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಯೊಬ್ಬನು ತಾನು ಓದಿದ ಶಾಲೆಗೆ ಒಂದು ಓಲೆಯನ್ನು ಬರೆದು ಗಣಕಯಂತ್ರದ ಮೂಲಕ ಕಳುಹಿಸಿದನೆಂದರೆ, ಕೆಲವೇ ಕ್ಷಣಗಳಲ್ಲಿ ಅದು ಇಲ್ಲಿನ ಕಚೇರಿಯ ಪರದೆಯ ಮೇಲೆ ಮೂಡುತ್ತದೆ. ಈ ವೇಗವನ್ನು ಕಂಡು ಬೆರಗಾಗದವರು ವಿರಳ. ಆದರೆ ವೇಗಕ್ಕಿಂತಲೂ ಹೆಚ್ಚು ಬೆರಗಿಗೆ ಅರ್ಹವಾದ ಸಂಗತಿ ಇನ್ನೊಂದಿದೆ. ಆ ಓಲೆಯು ನಡುದಾರಿಯಲ್ಲಿ ಹತ್ತಿಪ್ಪತ್ತು ನಿಲ್ದಾಣಗಳನ್ನು ದಾಟಿ ಬಂದಿರುತ್ತದೆ. ಓಲೆ ಹೀಗೆಯೇ ಹೋಗತಕ್ಕದ್ದೆಂದು ಆದಿಯಿಂದ ಅಂತ್ಯದವರೆಗೆ ಗೆರೆ ಎಳೆದು ಕೊಟ್ಟವರು ಯಾರೂ ಇಲ್ಲ. ಜಗತ್ತಿನ ದಾರಿಗಳನ್ನೆಲ್ಲ ಬಲ್ಲ ಕೇಂದ್ರ ಕಚೇರಿಯೊಂದು ಎಲ್ಲಿಯೂ ಇಲ್ಲ. ಪ್ರತಿಯೊಂದು ನಿಲ್ದಾಣವೂ 'ಈ ಓಲೆಯನ್ನು ಮುಂದೆ ಯಾವ ನೆರೆಯವನ ಕೈಗೆ ಕೊಡಬೇಕು' ಎಂಬ ಒಂದೇ ಪ್ರಶ್ನೆಗೆ ಉತ್ತರ ಕಂಡುಕೊಂಡು ಸುಮ್ಮನಾಗುತ್ತದೆ. ಆ ಉತ್ತರವಾದರೂ ಬಹುಮಟ್ಟಿಗೆ ನೆರೆಯವನೇ ಹೇಳಿದ ಮಾತಿನಿಂದ ದೊರೆತದ್ದು. ನೆರೆಯವನ ಮಾತು ನಿಜವಾಗಿದ್ದರೆ ಓಲೆ ತಲಪುತ್ತದೆ, ಸುಳ್ಳಾದರೆ ಏನಾಗುತ್ತದೆ? ಕಳೆದ ಐವತ್ತು ವರ್ಷಗಳಿಗೂ ಮಿಗಿಲಾದ ಗಣಕಜಾಲಗಳ ಚರಿತ್ರೆಯಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗಿದೆ.

ನಿಲ್ದಾಣದ ಯಂತ್ರವನ್ನು ಇಂದು 'ರೌಟರ್' ಎಂದು ಕರೆಯುತ್ತಾರೆ. ರೌಟರುಗಳು ತಮ್ಮತಮ್ಮೊಳಗೆ ದಾರಿಯ ಸುದ್ದಿಯನ್ನು ಹೇಳಿಕೊಳ್ಳಲು ಮಾಡಿಕೊಂಡ ಕಟ್ಟುಪಾಡಿಗೆ 'ರೌಟಿಂಗ್ ಪ್ರೋಟೋಕಾಲ್' ಎಂದು ಹೆಸರು. ಪ್ರೋಟೋಕಾಲ್ ಎಂಬುದು ಗ್ರೀಕ್ ಮೂಲದ ಶಬ್ದ; ಪಪೈರಸ್ ಸುರುಳಿಯ ಮೊದಲಿಗೆ ಅಂಟಿಸುತ್ತಿದ್ದ ಹಾಳೆ ಎಂಬುದು ಅದರ ಮೊದಲ ಅರ್ಥ. ಕನ್ನಡದಲ್ಲಿ ಇದಕ್ಕೆ 'ಶಿಷ್ಟಾಚಾರ' ಎಂಬ ಪದವನ್ನು ಕೆಲವರು ಬಳಸುವುದುಂಟು. ಅದು ಮಂತ್ರಿಗಳ ಸತ್ಕಾರಕ್ಕೆ ಒಪ್ಪುವ ಪದವೇ ಹೊರತು ಯಂತ್ರಗಳಿಗಲ್ಲ. ಸಂಸ್ಕೃತದ 'ಸಮಯ' ಶಬ್ದವು ಇದಕ್ಕೆ ಹೆಚ್ಚು ಹತ್ತಿರವೆನ್ನಬಹುದು. ಹಂಸವು ನೀರನ್ನು ಬಿಟ್ಟು ಹಾಲನ್ನು ಹೀರುತ್ತದೆ, ಚಕೋರವು ಬೆಳದಿಂಗಳನ್ನು ಕುಡಿಯುತ್ತದೆ ಎಂದು ಕವಿಗಳೆಲ್ಲರೂ ಒಪ್ಪಿ ನಡೆಯುವ ಸಂಕೇತವನ್ನು 'ಕವಿಸಮಯ'ವೆಂದರು. ಅಂತೆಯೇ ಯಂತ್ರಗಳು ಒಪ್ಪಿ ನಡೆಯುವ ಸಂಕೇತ 'ಯಂತ್ರಸಮಯ'. ಇರಲಿ, ಪದ ಯಾವುದಾದರೂ ವಿಷಯ ತಿಳಿದರೆ ಸಾಕು. ಬಳಕೆಗೆ ಬಂದ ಪದಗಳನ್ನೇ ಇಲ್ಲಿ ಇಟ್ಟುಕೊಳ್ಳಲಾಗಿದೆ.

ಓಲೆಯನ್ನು ಕೈಯಿಂದ ಕೈಗೆ ದಾಟಿಸುವ ಕ್ರಮ ಕನ್ನಡನಾಡಿಗೆ ಹೊಸದಲ್ಲ. ಮೈಸೂರು ಸಂಸ್ಥಾನದ ಅಂಚೆಯ ವ್ಯವಸ್ಥೆ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಆರಂಭವಾಗಿ, ೧೮೮೯ರಲ್ಲಿ ಭಾರತದ ಅಂಚೆ ಇಲಾಖೆಯಲ್ಲಿ ವಿಲೀನವಾಗುವವರೆಗೂ ನಡೆದುಬಂದಿತು. ಓಟದ ಅಂಚೆಯವನಿಗೆ ಓಲೆ ಕಡೆಗೆ ಮುಟ್ಟುವ ಊರಿನ ದಾರಿ ತಿಳಿದಿರಬೇಕಾಗಿರಲಿಲ್ಲ. ಮುಂದಿನ ಕಟ್ಟೆ ಯಾವುದೆಂದು ತಿಳಿದಿದ್ದರೆ ಸಾಕಾಗಿತ್ತು. ಆದರೆ ಯಾವ ಕಟ್ಟೆಯ ಮುಂದೆ ಯಾವ ಕಟ್ಟೆ ಎಂಬುದನ್ನು ಅರಮನೆ ಮೊದಲೇ ನಿಶ್ಚಯಿಸಿತ್ತು. ಗಣಕಜಾಲದಲ್ಲಿ ಹಾಗೆ ನಿಶ್ಚಯಿಸುವ ಅರಮನೆಯಿಲ್ಲ. ಇದೇ ಇವೆರಡಕ್ಕೂ ಇರುವ ಭೇದ.

ಅರಮನೆಯಿಲ್ಲದ ಜಾಲವನ್ನು ಕಟ್ಟುವ ಯೋಚನೆ ಹುಟ್ಟಿದ್ದು ೧೯೬೦ರ ದಶಕದ ಮೊದಲ ವರ್ಷಗಳಲ್ಲಿ. ಅಮೆರಿಕದ ರ‍್ಯಾಂಡ್ ಸಂಸ್ಥೆಯ ಪಾಲ್ ಬರಾನ್ ಎಂಬವರು, ಶತ್ರುವಿನ ದಾಳಿಯಿಂದ ಕೆಲವು ನಿಲ್ದಾಣಗಳು ನಾಶವಾದರೂ ಉಳಿದವುಗಳ ನಡುವೆ ಮಾತು ನಿಲ್ಲದಂತೆ ಮಾಡುವುದು ಹೇಗೆಂದು ವಿಚಾರಿಸುತ್ತಿದ್ದರು. ಸಂದೇಶವನ್ನು ತುಂಡುಗಳಾಗಿ ಮಾಡಿ, ಒಂದೊಂದು ತುಂಡಿಗೂ ವಿಳಾಸ ಬರೆದು, ಸಿಕ್ಕ ದಾರಿಯಲ್ಲಿ ಹೋಗಗೊಡಬೇಕೆಂದು ಅವರು ಸೂಚಿಸಿದರು. ಇಂಗ್ಲೆಂಡಿನ ರಾಷ್ಟ್ರೀಯ ಭೌತ ಪ್ರಯೋಗಾಲಯದ ಡೊನಾಲ್ಡ್ ಡೇವಿಸ್ ಸ್ವತಂತ್ರವಾಗಿ ಇದೇ ಯೋಚನೆಗೆ ಬಂದು, ಆ ತುಂಡಿಗೆ 'ಪ್ಯಾಕೆಟ್' ಎಂಬ ಹೆಸರನ್ನಿಟ್ಟರು. ಕನ್ನಡದಲ್ಲಿ ಅದನ್ನು ಪೊಟ್ಟಣವೆಂದರೆ ಏನೂ ಕೊರತೆಯಾಗದು.

ಈ ಯೋಚನೆ ಕಾರ್ಯರೂಪಕ್ಕೆ ಬಂದದ್ದು ೧೯೬೯ರಲ್ಲಿ, ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆಯೊಂದು ಹಣ ಕೊಟ್ಟು ಕಟ್ಟಿಸಿದ 'ಅರ್ಪಾನೆಟ್' ಎಂಬ ಜಾಲದಲ್ಲಿ. ಆ ವರ್ಷ ಅಕ್ಟೋಬರ್ ೨೯ರಂದು ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ಮೊದಲ ಸಂದೇಶ ಹೊರಟಿತು. 'ಲಾಗಿನ್' ಎಂದು ಬರೆಯಹೊರಟಿದ್ದರು. ಮೊದಲೆರಡು ಅಕ್ಷರಗಳು ತಲಪುವಷ್ಟರಲ್ಲಿ ಆ ಕಡೆಯ ಗಣಕ ಕೆಟ್ಟು ನಿಂತಿತು. ವರ್ಷಾಂತ್ಯದ ಹೊತ್ತಿಗೆ ಸಾಂಟಾ ಬಾರ್ಬರಾ ಮತ್ತು ಯೂಟಾಗಳೂ ಸೇರಿ ನಾಲ್ಕು ನಿಲ್ದಾಣಗಳಾದವು. ಮ್ಯಾಸಚೂಸೆಟ್ಸಿನ ಕೇಂಬ್ರಿಜ್ ಪಟ್ಟಣದ ಬೋಲ್ಟ್ ಬೆರನೆಕ್ ಅಂಡ್ ನ್ಯೂಮನ್ ಕಂಪನಿಯು ಪ್ರತಿ ನಿಲ್ದಾಣಕ್ಕೂ 'ಇಂಪ್' ಎಂಬ ಹೆಸರಿನ ಒಂದೊಂದು ಯಂತ್ರವನ್ನು ಕಟ್ಟಿಕೊಟ್ಟಿತು. ಇಂದಿನ ರೌಟರಿನ ಅಜ್ಜ ಈ ಇಂಪ್.

ನಿಲ್ದಾಣದಿಂದ ನಿಲ್ದಾಣಕ್ಕೆ ನೂರಾರು ಮೈಲಿಗಳ ಅಂತರ. ಒಂದು ಕಟ್ಟಡದ ಒಳಗಾದರೆ ಬೇಕಾದಷ್ಟು ತಂತಿ ಎಳೆದುಕೊಳ್ಳಬಹುದು. ಊರಿಂದೂರಿಗೆ ಎಳೆಯುವುದು ವಿಶ್ವವಿದ್ಯಾನಿಲಯಗಳಿಂದ ಆಗುವ ಮಾತಲ್ಲ. ಆದುದರಿಂದ ದೂರವಾಣಿ ಕಂಪನಿಯಿಂದ ತಂತಿಗಳನ್ನು ಬಾಡಿಗೆಗೆ ಹಿಡಿದರು. ಸೆಕೆಂಡಿಗೆ ೫೦,೦೦೦ ಬಿಟ್ಟುಗಳನ್ನು ಸಾಗಿಸಬಲ್ಲ ತಂತಿಗಳವು. 'ಬಿಟ್' ಎಂದರೆ ಸೊನ್ನೆ ಅಥವಾ ಒಂದು ಎಂಬ ಒಂದೇ ಗುರುತು. ಅಂದಿಗೆ ಅದು ದೊಡ್ಡ ವೇಗ, ಬಾಡಿಗೆಯೂ ದೊಡ್ಡದೇ. ವಿಶಾಲ ಕ್ಷೇತ್ರದ ಜಾಲಗಳ ವಿಷಯದಲ್ಲಿ ಈ ಮಾತನ್ನು ಮರೆಯಬಾರದು: ತಂತಿ ದುಬಾರಿ, ತಂತಿ ಕಿರಿದು, ತಂತಿ ಆಗಾಗ ಕಡಿಯುವಂಥದು. ಅದರಲ್ಲಿ ಓಲೆಗಳೂ ಹೋಗಬೇಕು, ದಾರಿಯ ಸುದ್ದಿಯೂ ಹೋಗಬೇಕು. ಸುದ್ದಿ ಹೆಚ್ಚಿದರೆ ಓಲೆಗೆ ಜಾಗವಿಲ್ಲ. ಸುದ್ದಿ ಕಡಿಮೆಯಾದರೆ ಓಲೆ ದಾರಿತಪ್ಪುತ್ತದೆ.

ಇಂಪ್‌ಗಳಿಗೆ ಮೊದಲು ಕಲಿಸಿದ ಉಪಾಯ ಅತ್ಯಂತ ಸರಳವಾದುದು. ಪ್ರತಿಯೊಂದು ಯಂತ್ರವೂ 'ಇಂಥ ನಿಲ್ದಾಣ ನನ್ನಿಂದ ಇಷ್ಟು ದೂರ' ಎಂಬ ಒಂದು ಪಟ್ಟಿಯನ್ನು ಇಟ್ಟುಕೊಂಡಿರುತ್ತದೆ. ಸೆಕೆಂಡಿಗೂ ಕಡಿಮೆ ಅವಧಿಗೊಮ್ಮೆ ಆ ಪಟ್ಟಿಯನ್ನು ನೆರೆಯವರಿಗೆ ಓದಿ ಹೇಳುತ್ತದೆ. ನೆರೆಯವನು 'ಯೂಟಾ ನನ್ನಿಂದ ಮೂರು ಘಟ್ಟ' ಎಂದರೆ, ಅವನವರೆಗಿನ ಒಂದು ಘಟ್ಟವನ್ನು ಕೂಡಿಸಿ 'ಯೂಟಾ ನನ್ನಿಂದ ನಾಲ್ಕು ಘಟ್ಟ, ಅವನ ಮೂಲಕ' ಎಂದು ಬರೆದುಕೊಳ್ಳುತ್ತದೆ. ಮತ್ತೊಬ್ಬ ನೆರೆಯವನು 'ನನ್ನಿಂದ ಎರಡೇ ಘಟ್ಟ' ಎಂದರೆ ಹಳೆಯದನ್ನು ಅಳಿಸಿ ಇದನ್ನು ಬರೆಯುತ್ತದೆ. ಯಾರೂ ಊರಿನ ನಕ್ಷೆಯನ್ನು ನೋಡಿಲ್ಲ. ಆದರೂ ಎಲ್ಲರಿಗೂ ದಾರಿ ತಿಳಿಯುತ್ತದೆ. ಇದಕ್ಕೆ 'ಡಿಸ್ಟೆನ್ಸ್ ವೆಕ್ಟರ್' ಪದ್ಧತಿ ಎಂದು ಹೆಸರು.

ಇದರಲ್ಲಿರುವ ದೋಷವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಮೊದಲೂರು, ನಡುವೂರು, ಕಡೆಯೂರು ಎಂದು ಒಂದೇ ಸಾಲಿನಲ್ಲಿ ಮೂರು ಊರುಗಳಿವೆಯೆಂದು ಭಾವಿಸೋಣ. ನಡುವೂರಿನಿಂದ ಕಡೆಯೂರಿಗೆ ಒಂದು ಘಟ್ಟ, ಮೊದಲೂರಿನಿಂದ ಎರಡು. ಒಂದು ದಿನ ನಡುವೂರಿಗೂ ಕಡೆಯೂರಿಗೂ ನಡುವಣ ಸೇತುವೆ ಕೊಚ್ಚಿಹೋಯಿತು. ನಡುವೂರಿನವನು 'ದಾರಿ ಹೋಯಿತು' ಎಂದು ಹೇಳುವ ಮುನ್ನವೇ ಮೊದಲೂರಿನವನು ತನ್ನ ಪಟ್ಟಿಯನ್ನು ಓದಿದ: 'ಕಡೆಯೂರು ನನ್ನಿಂದ ಎರಡು ಘಟ್ಟ'. ಆ ದಾರಿ ತನ್ನ ಮೂಲಕವೇ ಹೋಗುವುದೆಂದು ನಡುವೂರಿನವನಿಗೆ ತಿಳಿಯದು. ಏಕೆಂದರೆ ಪಟ್ಟಿಯಲ್ಲಿ ದೂರ ಮಾತ್ರವಿದೆ, ದಾರಿಯಿಲ್ಲ. ಅವನು 'ಹಾಗಾದರೆ ನನಗೆ ಮೂರು ಘಟ್ಟ' ಎಂದು ಬರೆದುಕೊಂಡ. ಅದನ್ನು ಕೇಳಿ ಮೊದಲೂರಿನವನು ನಾಲ್ಕು ಎಂದ; ಇವನು ಐದು, ಅವನು ಆರು. ಕಡೆಯೂರಿಗೆ ಹೊರಟ ಓಲೆಗಳು ಇವರಿಬ್ಬರ ನಡುವೆ ಚೆಂಡಿನಂತೆ ಪುಟಿಯುತ್ತಿರುತ್ತವೆ. ಇಬ್ಬರಲ್ಲಿ ಒಬ್ಬನೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ಪರಸ್ಪರರನ್ನು ನಂಬಿ, ತಮ್ಮದೇ ಮಾತು ಮರುದನಿಯಾಗಿ ಬಂದುದನ್ನು ಹೊಸ ಸುದ್ದಿಯೆಂದು ತಿಳಿಯುತ್ತಿದ್ದಾರೆ. ಇದನ್ನು ಶಾಸ್ತ್ರಕಾರರು 'ಅನಂತದವರೆಗೆ ಎಣಿಸುವುದು' ಎಂದು ಕರೆದಿದ್ದಾರೆ. ರಟ್ಗರ್ಸ್ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಹೆಡ್ರಿಕ್ ಅವರು ೧೯೮೮ರಲ್ಲಿ ಬರಹಕ್ಕಿಳಿಸಿದ 'ರಿಪ್' ಎಂಬ ಪ್ರೋಟೋಕಾಲಿನಲ್ಲಿ ಇದಕ್ಕೊಂದು ಮೊಂಡು ಪರಿಹಾರವಿದೆ: ಅಲ್ಲಿ ಅನಂತವೆಂದರೆ ೧೬. ಎಣಿಕೆ ಹದಿನಾರಕ್ಕೆ ಮುಟ್ಟಿತೆಂದರೆ ಆ ಊರಿಗೆ ದಾರಿಯಿಲ್ಲವೆಂದು ತೀರ್ಮಾನ. ಯಾರಿಂದ ಕೇಳಿದ ಸುದ್ದಿಯೋ ಅವರಿಗೇ ಅದನ್ನು ಮರಳಿ ಹೇಳಬಾರದೆಂಬ ಇನ್ನೊಂದು ನಿಯಮವೂ ಉಂಟು. ಅದು ಇಬ್ಬರ ನಡುವಣ ಪ್ರಮಾದವನ್ನು ತಡೆಯುತ್ತದೆ. ಮೂವರು ಸುತ್ತುಗಟ್ಟಿ ನಿಂತರೆ ಅದೂ ಸಾಲದು.

ಮರುದನಿಯ ಕಥೆ ಹೀಗಾಯಿತು. ತಪ್ಪು ಮಾತಿನ ಕಥೆ ಇನ್ನೂ ಘೋರ. ೧೯೭೦ರ ದಶಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿದ್ದ ಇಂಪಿನ ಸ್ಮೃತಿಭಾಗ ಕೆಟ್ಟಿತು. ಅದರ ಪಟ್ಟಿಯಲ್ಲಿ ದೂರದ ಅಂಕಿಗಳೆಲ್ಲ ಸೊನ್ನೆಯಾದವು. 'ಎಲ್ಲ ಊರುಗಳೂ ನನ್ನಿಂದ ಸೊನ್ನೆ ದೂರ' ಎಂದು ಅದು ನೆರೆಯವರಿಗೆ ಓದಿ ಹೇಳಿತು. ಅದಕ್ಕಿಂತ ಹತ್ತಿರದ ದಾರಿ ಯಾರ ಬಳಿ ಇರಲು ಸಾಧ್ಯ? ಜಾಲದ ಓಲೆಗಳೆಲ್ಲ ಹಾರ್ವರ್ಡಿನತ್ತ ಹರಿದು ಅಲ್ಲಿಯೇ ಇಲ್ಲವಾದವು. ಕೆಟ್ಟ ಯಂತ್ರವು ಸುಮ್ಮನಿದ್ದರೆ ಒಂದು ನಿಲ್ದಾಣಕ್ಕೆ ಮಾತ್ರ ಹಾನಿ. ಕೆಟ್ಟ ಯಂತ್ರವು ಮಾತನಾಡತೊಡಗಿದರೆ ಇಡೀ ಜಾಲಕ್ಕೆ.

ಜಾಲ ಬೆಳೆದಂತೆಲ್ಲ ಪಟ್ಟಿಗಳೂ ಉದ್ದವಾದವು. ಅವುಗಳನ್ನು ಕಳುಹಿಸುವುದಕ್ಕೇ ತಂತಿಯ ಗಣನೀಯ ಭಾಗ ವ್ಯಯವಾಗತೊಡಗಿತು. ೧೯೭೯ರಲ್ಲಿ ಆ ಕಂಪನಿಯ ಜಾನ್ ಮೆಕ್‌ಕ್ವಿಲನ್ ಮತ್ತು ಅವರ ಸಂಗಡಿಗರು ಪದ್ಧತಿಯನ್ನೇ ಬದಲಿಸಿದರು. ಹೊಸ ಪದ್ಧತಿಯಲ್ಲಿ ಯಾವ ಯಂತ್ರವೂ ದೂರದ ಊರಿನ ವಿಷಯವಾಗಿ ಮಾತನಾಡತಕ್ಕದ್ದಲ್ಲ. ತನ್ನ ಮನೆಬಾಗಿಲಿನ ತಂತಿಗಳ ಸ್ಥಿತಿಯನ್ನು ಮಾತ್ರ, ತಾನೇ ಕಣ್ಣಾರೆ ಕಂಡದ್ದನ್ನು ಮಾತ್ರ, ಹೇಳಬೇಕು. ಆದರೆ ಅದನ್ನು ನೆರೆಯವನಿಗೆ ಹೇಳಿ ಬಿಡುವುದಲ್ಲ. ನೆರೆಯವನು ಅದನ್ನು ಒಂದಕ್ಷರವೂ ಬದಲಿಸದೆ ತನ್ನ ನೆರೆಯವರಿಗೆ ದಾಟಿಸಿ, ಅದು ಡಂಗುರದಂತೆ ಜಾಲದ ಮೂಲೆಮೂಲೆಗೂ ಮುಟ್ಟಬೇಕು. ಹೀಗೆ ಎಲ್ಲರ ಸುದ್ದಿಯನ್ನೂ ಕೂಡಿಸಿ ಪ್ರತಿ ಯಂತ್ರವೂ ಇಡೀ ಜಾಲದ ನಕ್ಷೆಯನ್ನು ತಾನೇ ಬರೆದುಕೊಂಡು, ಹತ್ತಿರದ ದಾರಿಯನ್ನು ತಾನೇ ಲೆಕ್ಕಹಾಕಿಕೊಳ್ಳುತ್ತದೆ. ಇದು 'ಲಿಂಕ್ ಸ್ಟೇಟ್' ಪದ್ಧತಿ.

ಲೆಕ್ಕ ಹಾಕುವ ಕ್ರಮವನ್ನು ಹಾಲೆಂಡಿನ ಎಡ್ಸ್‌ಖರ್ ಡೈಕ್‌ಸ್ಟ್ರಾ ಎಂಬ ಗಣಿತಜ್ಞರು ಮೊದಲೇ ಕಂಡುಹಿಡಿದಿದ್ದರು. ೧೯೫೬ರಲ್ಲಿ ಅವರು ತಮ್ಮ ಭಾವಿ ಪತ್ನಿಯೊಡನೆ ಆಮ್‌ಸ್ಟರ್‌ಡಾಮಿನಲ್ಲಿ ಪೇಟೆ ಸುತ್ತಿ ದಣಿದು, ಒಂದು ಕಾಫಿ ಅಂಗಡಿಯ ಜಗುಲಿಯಲ್ಲಿ ಕುಳಿತಿದ್ದಾಗ, ರಾಟರ್‌ಡಾಮಿನಿಂದ ಖ್ರೋನಿಂಗನ್ನಿಗೆ ಅತಿ ಹತ್ತಿರದ ದಾರಿ ಯಾವುದೆಂಬ ಸಮಸ್ಯೆಯನ್ನು ಸುಮಾರು ಇಪ್ಪತ್ತು ನಿಮಿಷಗಳಲ್ಲಿ, ಕಾಗದ ಲೇಖನಿಗಳಿಲ್ಲದೆ, ಮನಸ್ಸಿನಲ್ಲಿಯೇ ಬಿಡಿಸಿದರಂತೆ. ಮೂರು ವರ್ಷಗಳ ಅನಂತರ ಅದು ಅಚ್ಚಾಯಿತು. ಕಾಗದವಿಲ್ಲದ್ದರಿಂದಲೇ ಅದು ಅಷ್ಟು ಸರಳವಾಗಿ ಒದಗಿತೆಂದು ಅವರು ಮುಂದೆ ಹೇಳುತ್ತಿದ್ದರು. ಬಾಯಿಲೆಕ್ಕವನ್ನು ಕೈಬಿಡುತ್ತಿರುವ ಇಂದಿನ ಶಾಲೆಗಳು ಗಮನಿಸಬೇಕಾದ ಸಂಗತಿ.

ಹೊಸ ಪದ್ಧತಿ ಬಂದಮೇಲೆ ಹಾರ್ವರ್ಡಿನಂಥ ಅನಾಹುತಕ್ಕೆ ಎಡೆಯಿಲ್ಲವೆಂದು ತೋರುವುದು ಸಹಜ. ಆದರೆ ಒಂದೂವರೆ ವರ್ಷ ಕಳೆಯುವುದರೊಳಗೆ ಅರ್ಪಾನೆಟ್ ಹಿಂದೆಂದೂ ಕಾಣದ ರೀತಿಯಲ್ಲಿ ಕುಸಿಯಿತು. ೧೯೮೦ನೆಯ ಇಸವಿ ಅಕ್ಟೋಬರ್ ೨೭ರಂದು ಹಲವು ಗಂಟೆಗಳ ಕಾಲ ಇಡೀ ಜಾಲ ಯಾರ ಬಳಕೆಗೂ ಬಾರದಂತಾಯಿತು. ಇದರ ಕಾರಣವನ್ನು ಎರಿಕ್ ರೋಸನ್ ಎಂಬವರು ವಿವರವಾಗಿ ಬರೆದಿಟ್ಟಿದ್ದಾರೆ. ಈ ವಿಷಯದಲ್ಲಿ ಅದಕ್ಕಿಂತ ಬೋಧಪ್ರದವಾದ ಪ್ರಸಂಗ ಮತ್ತೊಂದಿಲ್ಲವಾದ ಕಾರಣ ಸ್ವಲ್ಪ ವಿಸ್ತರಿಸಿ ಹೇಳುವುದು ಉಚಿತ.

ಡಂಗುರದ ಸುದ್ದಿಯು ಹಲವು ದಾರಿಗಳಲ್ಲಿ ಹರಡುವುದರಿಂದ ಹಳೆಯ ಸುದ್ದಿಯು ಹೊಸದರ ಹಿಂದೆ ತಲಪುವ ಸಂಭವವಿದೆ. ಯಾವುದು ಹೊಸದೆಂದು ತಿಳಿಯಲು ಪ್ರತಿ ಸುದ್ದಿಗೂ ಒಂದು ಕ್ರಮಸಂಖ್ಯೆಯನ್ನು ಕೊಡುತ್ತಿದ್ದರು. ಆ ಸಂಖ್ಯೆಗೆ ಮೀಸಲಾದ ಸ್ಥಾನಗಳು ಆರೇ ಬಿಟ್ಟುಗಳು. ಆದುದರಿಂದ ಎಣಿಕೆ ೦ಯಿಂದ ೬೩ರವರೆಗೆ ಹೋಗಿ, ಅರವತ್ತು ಸಂವತ್ಸರಗಳ ಚಕ್ರದಂತೆ, ಮತ್ತೆ ಮೊದಲಿಗೆ ಬರುತ್ತಿತ್ತು. ಅಕ್ಷಯದ ಬಳಿಕ ಪ್ರಭವ ಬಂದರೆ ಪ್ರಭವವೇ ಹೊಸದಲ್ಲವೆ? ಅದಕ್ಕಾಗಿ ಒಂದು ನಿಯಮವಿತ್ತು. ಎರಡು ಸಂಖ್ಯೆಗಳ ಅಂತರ ೩೨ನ್ನು ಮೀರದಿದ್ದರೆ ದೊಡ್ಡದೇ ಹೊಸದು. ಮೀರಿದರೆ ಚಕ್ರ ಒಂದು ಸುತ್ತು ತಿರುಗಿದೆಯೆಂದು ಭಾವಿಸಿ ಚಿಕ್ಕದನ್ನೇ ಹೊಸದೆಂದು ತಿಳಿಯಬೇಕು. ನಿಯಮದಲ್ಲಿ ಮೇಲ್ನೋಟಕ್ಕೆ ದೋಷವಿಲ್ಲ.

ಆ ದಿನ ೨೯ನೆಯ ಇಂಪಿನ ಸ್ಮೃತಿಭಾಗ ಕೆಟ್ಟಿತ್ತು. ಅದು ಆಗೊಮ್ಮೆ ಈಗೊಮ್ಮೆ ಒಂದೊಂದು ಬಿಟ್ಟನ್ನು ಕಳೆದುಕೊಳ್ಳುತ್ತಿತ್ತು. ಅದರ ನೆರೆಯ ೫೦ನೆಯ ಇಂಪ್ ಹೊರಡಿಸಿದ ಸುದ್ದಿಯೊಂದರ ಕ್ರಮಸಂಖ್ಯೆ ೪೪. ಬಿಟ್ಟುಗಳಲ್ಲಿ ಹೇಳುವುದಾದರೆ ೩೨, ೮, ೪ ಇವು ಮೂರೂ ಕೂಡಿದುದು. ೨೯ನೆಯ ಯಂತ್ರದೊಳಗೆ ನಾಲ್ಕರ ಬಿಟ್ ಬಿದ್ದುಹೋಗಿ ಅದು ೪೦ ಆಯಿತು. ಮತ್ತೊಮ್ಮೆ ಮೂವತ್ತೆರಡರ ಬಿಟ್ಟೂ ಬಿದ್ದು ೮ ಆಯಿತು. ಹೀಗೆ ಒಂದೇ ಯಂತ್ರದ ಹೆಸರಿನಲ್ಲಿ ೮, ೪೦, ೪೪ ಎಂಬ ಮೂರು ಸುದ್ದಿಗಳು ಒಟ್ಟಿಗೇ ಜಾಲವನ್ನು ಹೊಕ್ಕವು. ಈಗ ನಿಯಮವನ್ನು ಹಚ್ಚಿ ನೋಡಿರಿ. ೪೪ಕ್ಕೂ ೪೦ಕ್ಕೂ ಅಂತರ ೪. ಆದುದರಿಂದ ೪೪ ಹೊಸದು. ೪೦ಕ್ಕೂ ೮ಕ್ಕೂ ಅಂತರ ೩೨, ಮೀರಿಲ್ಲ. ಆದುದರಿಂದ ೪೦ ಹೊಸದು. ೪೪ಕ್ಕೂ ೮ಕ್ಕೂ ಅಂತರ ೩೬, ಮೀರಿತು. ಆದುದರಿಂದ ೮ ಹೊಸದು! ಎಂಟಕ್ಕಿಂತ ನಲವತ್ತು ಹೊಸದು, ನಲವತ್ತಕ್ಕಿಂತ ನಲವತ್ತನಾಲ್ಕು ಹೊಸದು, ನಲವತ್ತನಾಲ್ಕಕ್ಕಿಂತ ಎಂಟು ಹೊಸದು. ತರ್ಕಶಾಸ್ತ್ರದಲ್ಲಿ ಚಕ್ರಕವೆಂದು ಹೇಳುವ ದೋಷ ಇಲ್ಲಿ ಯಂತ್ರರೂಪದಲ್ಲಿ ಮೈದಳೆಯಿತು.

ಪ್ರತಿಯೊಂದು ಇಂಪೂ ಒಂದು ಸುದ್ದಿಯನ್ನು ಸ್ವೀಕರಿಸಿ ನೆರೆಯವರಿಗೆ ದಾಟಿಸುವಷ್ಟರಲ್ಲಿ ಅದಕ್ಕಿಂತ 'ಹೊಸ' ಸುದ್ದಿ ಬರುತ್ತಿತ್ತು. ಅದನ್ನು ದಾಟಿಸುವಷ್ಟರಲ್ಲಿ ಅದಕ್ಕಿಂತ 'ಹೊಸ'ದು. ಮೂರು ಸುದ್ದಿಗಳು ಒಂದನ್ನೊಂದು ಅಟ್ಟುತ್ತ ಕೊನೆಯಿಲ್ಲದೆ ಸುತ್ತಿದವು. ದಾರಿಯ ಸುದ್ದಿಗೆ ಬೇರೆಲ್ಲ ಕೆಲಸಗಳಿಗಿಂತ ಅಗ್ರಸ್ಥಾನ ಕೊಟ್ಟಿದ್ದುದರಿಂದ ಯಂತ್ರಗಳಿಗೆ ಬೇರೆ ಕೆಲಸಕ್ಕೆ ಬಿಡುವೇ ಇಲ್ಲವಾಯಿತು. ಇಲ್ಲಿ ಕೆಟ್ಟಿದ್ದುದು ಒಂದೇ ಯಂತ್ರ. ಉಳಿದವೆಲ್ಲ ಆರೋಗ್ಯವಾಗಿದ್ದು, ತಮಗೆ ಹೇಳಿದ್ದನ್ನು ಶ್ರದ್ಧೆಯಿಂದ ಮಾಡುತ್ತಿದ್ದವು. ಆ ಶ್ರದ್ಧೆಯೇ ಜಾಲವನ್ನು ಉಸಿರುಗಟ್ಟಿಸಿತು. ತಂತಿಯ ಮೇಲೆ ಹೋಗುವಾಗ ಸುದ್ದಿ ಕೆಡದಂತೆ ಕಾಯುವ ಪರೀಕ್ಷೆಯಿತ್ತು. ಆದರೆ ಸುದ್ದಿ ಕೆಟ್ಟದ್ದು ದಾರಿಯಲ್ಲಲ್ಲ, ನಿಲ್ದಾಣದ ಒಳಗೆ. ಹೊರಬಾಗಿಲಿಗೆ ಕಾವಲಿಟ್ಟು ಒಳಮನೆಯನ್ನು ಮರೆತಂತಾಗಿತ್ತು.

ಕೇಂಬ್ರಿಜ್‌ನ ಎಂಜಿನಿಯರುಗಳು ಒಂದು ಯಂತ್ರವನ್ನು ಪುನಃ ಚಾಲನೆ ಮಾಡಿದರೆ ಫಲವಿರಲಿಲ್ಲ. ನೆರೆಯವರು ಕೂಡಲೇ ಆ ಮೂರು ಸುದ್ದಿಗಳನ್ನು ಮತ್ತೆ ಅದಕ್ಕೆ ತುಂಬುತ್ತಿದ್ದರು. ಯಂತ್ರಗಳ ಸ್ಮೃತಿಯನ್ನು ಹೊರತೆಗೆದು ಪರೀಕ್ಷಿಸಿದಾಗ ಅದು ೫೦ನೆಯ ಇಂಪಿನ ಸುದ್ದಿಗಳಿಂದಲೇ ತುಂಬಿಹೋಗಿದ್ದುದು ಕಂಡುಬಂದಿತು. ಕಡೆಗೆ '೫೦ರ ಹೆಸರಿನಲ್ಲಿ ಬರುವ ಯಾವ ಸುದ್ದಿಯನ್ನೂ ಕಿವಿಗೆ ಹಾಕಿಕೊಳ್ಳಬೇಡ' ಎಂದು ಎಲ್ಲ ಯಂತ್ರಗಳಿಗೂ ಕಲಿಸಿ ಆ ಚಕ್ರವನ್ನು ಮುರಿದರು. ಪಾಪ, ೫೦ನೆಯ ಇಂಪಿನದು ಇದರಲ್ಲಿ ಏನೂ ಅಪರಾಧವಿರಲಿಲ್ಲ.

ಈ ಘಟನೆಯ ಫಲವಾಗಿ ಮಾರ್ಗಶಾಸ್ತ್ರಕ್ಕೆ ಹೊಸ ವಿವೇಕ ಬಂದಿತು. ರೇಡಿಯಾ ಪರ್ಲ್‌ಮನ್ ಎಂಬ ವಿದುಷಿ ೧೯೮೩ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಎಂಥ ಅಪಭ್ರಂಶ ಸುದ್ದಿ ಜಾಲವನ್ನು ಹೊಕ್ಕರೂ ಅದು ತಾನಾಗಿ ಮುಪ್ಪಾಗಿ ಅಳಿದುಹೋಗಿ ಜಾಲ ತನ್ನಷ್ಟಕ್ಕೆ ಚೇತರಿಸಿಕೊಳ್ಳುವಂತೆ ಮಾಡುವ ಬಗೆಯನ್ನು ತೋರಿಸಿದರು. ಕ್ರಮಸಂಖ್ಯೆ ಚಕ್ರದಂತೆ ತಿರುಗದೆ ನೇರವಾಗಿ ಏರುತ್ತ ಹೋಗಬೇಕು. ಪ್ರತಿ ಸುದ್ದಿಗೂ ಆಯುಸ್ಸು ಗೊತ್ತಾಗಿರಬೇಕು. ೧೯೮೯ರಲ್ಲಿ ಮೊದಲು ಪ್ರಕಟವಾಗಿ, ಇಂದಿಗೂ ದೊಡ್ಡ ಸಂಸ್ಥೆಗಳ ಒಳಜಾಲಗಳಲ್ಲಿ ನಡೆಯುತ್ತಿರುವ 'ಓಎಸ್‌ಪಿಎಫ್' ಎಂಬ ಪ್ರೋಟೋಕಾಲಿನಲ್ಲಿ ಈ ವಿಚಾರಗಳು ನೆಲೆಗೊಂಡಿವೆ. ಅದರ ಇಂದಿನ ರೂಪದಲ್ಲಿ ಕ್ರಮಸಂಖ್ಯೆಗೆ ಆರರ ಬದಲು ಮೂವತ್ತೆರಡು ಬಿಟ್ಟುಗಳು.

ನಿಜವಾದ ಸುದ್ದಿಯಿಂದಲೂ ಕೇಡಾಗುವುದುಂಟು. ಅರ್ಪಾನೆಟ್ಟಿನ ಹೊಸ ಪದ್ಧತಿಯಲ್ಲಿ ತಂತಿಯ 'ದೂರ'ವನ್ನು ಅದರಲ್ಲಿ ಓಲೆಗಳು ಕಾಯಬೇಕಾದ ಹೊತ್ತಿನಿಂದ ಅಳೆಯುತ್ತಿದ್ದರು. ಒಂದು ತಂತಿಯಲ್ಲಿ ಸಂದಣಿಯೆಂದು ಸುದ್ದಿ ಹರಡಿದೊಡನೆ ಎಲ್ಲರೂ ಅದನ್ನು ಬಿಟ್ಟು ಪಕ್ಕದ ತಂತಿಗೆ ನುಗ್ಗುತ್ತಿದ್ದರು. ಅಲ್ಲಿ ಸಂದಣಿಯಾಗಿ ಇದು ಖಾಲಿಯಾಗುತ್ತಿತ್ತು. ಮತ್ತೆ ಎಲ್ಲರೂ ಇತ್ತ. ಜಾತ್ರೆಯ ಎರಡು ಬಾಗಿಲುಗಳ ನಡುವೆ ಜನ ಹೊಯ್ದಾಡುವಂತೆ ಓಲೆಗಳು ಹೊಯ್ದಾಡಿದವು. ೧೯೮೭ರಲ್ಲಿ ಅಳತೆಯನ್ನು ತಿದ್ದಿ, ದೂರವು ಒಮ್ಮೆಲೇ ಏರಿಳಿಯದಂತೆ ಮಾಡಿದ ಮೇಲೆ ಅದು ಹತೋಟಿಗೆ ಬಂದಿತು. ಅರ್ಪಾನೆಟ್ ೧೯೯೦ರಲ್ಲಿ ಮುಚ್ಚಿಹೋಯಿತು. ಅದು ಕಲಿಸಿದ ಪಾಠಗಳು ಮುಚ್ಚಿಹೋಗಲಿಲ್ಲ.

ಈ ನಡುವೆ ದಾರಿಗಳೂ ಬೇರೆಯಾದವು. ೧೯೭೩ರಲ್ಲಿ ಅರ್ಪಾನೆಟ್ ಅಟ್ಲಾಂಟಿಕ್ ಸಾಗರವನ್ನು ದಾಟಿ ನಾರ್ವೆಯನ್ನೂ ಲಂಡನ್ನನ್ನೂ ಮುಟ್ಟಿದ್ದು ಉಪಗ್ರಹದ ನೆರವಿನಿಂದ. ಭೂಸ್ಥಿರ ಉಪಗ್ರಹವು ಸಮಭಾಜಕದ ಮೇಲೆ ೩೫,೭೮೬ ಕಿಲೋಮೀಟರ್ ಎತ್ತರದಲ್ಲಿ ನಿಂತಿರುತ್ತದೆ. ಬೆಳಕಿನ ವೇಗದಲ್ಲಿ ಹೋದರೂ ಮೇಲೇರಿ ಕೆಳಗಿಳಿಯಲು ಸುಮಾರು ಕಾಲು ಸೆಕೆಂಡು. ಪ್ರಶ್ನೆಗೆ ಉತ್ತರ ಬರಲು ಅರ್ಧ ಸೆಕೆಂಡು. ಮನುಷ್ಯನಿಗೆ ಇದು ಏನೂ ಅಲ್ಲ, ಯಂತ್ರಕ್ಕೆ ದೀರ್ಘಕಾಲ. ಆದರೆ ಬೆಟ್ಟ ಕಡಲುಗಳ ಹಂಗಿಲ್ಲವೆಂಬುದು ಅದರ ಗುಣ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯು ೧೯೮೫ರಲ್ಲಿ ಬೆಂಗಳೂರಿನಲ್ಲಿ ನೆಲೆಯೂರಿ ಅಮೆರಿಕದೊಡನೆ ಉಪಗ್ರಹದ ಮೂಲಕವೇ ವ್ಯವಹರಿಸಿತು. ಬೆಂಗಳೂರಿನ ಇಂದಿನ ಗಣಕೋದ್ಯಮಕ್ಕೆ ಅದು ಮೊದಲ ಮೆಟ್ಟಿಲುಗಳಲ್ಲೊಂದು. ವಿದ್ಯಾಸಂಸ್ಥೆಗಳಿಗಾಗಿ ಭಾರತ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯು ಸಂಯುಕ್ತ ರಾಷ್ಟ್ರಸಂಸ್ಥೆಯ ನೆರವಿನಿಂದ ೧೯೮೬ರಲ್ಲಿ 'ಅರ್ನೆಟ್' ಯೋಜನೆಯನ್ನು ಕೈಗೊಂಡಿತು. ಐದು ಐಐಟಿಗಳೊಡನೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಮುಂಬಯಿಯ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರವೂ ಅದರಲ್ಲಿದ್ದವು. ೧೯೮೯ರಲ್ಲಿ ಮುಂಬಯಿಯ ಆ ಕೇಂದ್ರದಿಂದ ಅಮೆರಿಕಕ್ಕೆ ಹಿಡಿದ ಬಾಡಿಗೆ ತಂತಿಯ ವೇಗ ಸೆಕೆಂಡಿಗೆ ೯,೬೦೦ ಬಿಟ್ಟುಗಳು. ಇಪ್ಪತ್ತು ವರ್ಷ ಹಿಂದಿನ ಅರ್ಪಾನೆಟ್ ತಂತಿಯ ಐದರಲ್ಲೊಂದು ಪಾಲೂ ಅಲ್ಲ! ದೇಶದ ವಿದ್ವಾಂಸರ ಓಲೆಗಳು ಆ ಸಣ್ಣ ಕಂಡಿಯಲ್ಲಿ ಸಾಲುಗಟ್ಟಿ ಹೋಗಿ ಬರುತ್ತಿದ್ದವು.

ಇಂದು ಖಂಡದಿಂದ ಖಂಡಕ್ಕೆ ಹೋಗುವ ಸುದ್ದಿಯ ಬಹುಭಾಗ ಕಡಲಡಿಯ ಗಾಜಿನ ಎಳೆಗಳಲ್ಲಿ ಬೆಳಕಾಗಿ ಹರಿಯುತ್ತದೆ. ಅಟ್ಲಾಂಟಿಕ್ಕಿನಡಿಯಲ್ಲಿ ಅಂಥ ಮೊದಲ ಕೇಬಲ್ ೧೯೮೮ರಲ್ಲಿ ಬಳಕೆಗೆ ಬಂದಿತು. ಗಾಜಿನೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್. ಉಪಗ್ರಹದ ಸುತ್ತುದಾರಿಗಿಂತ ಇದು ಎಷ್ಟೋ ಶೀಘ್ರ. ಆದರೆ ಎಳೆ ಕಡಿಯಬಹುದು. ೨೦೦೮ರ ಜನವರಿ ೩೦ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಬಳಿ ಎರಡು ಕೇಬಲುಗಳು ತುಂಡಾದಾಗ ಭಾರತದಲ್ಲಿ ಇಂಟರ್ನೆಟ್ ಮಂದಗತಿಗೆ ಇಳಿಯಿತು. ರೌಟರುಗಳು ಪೂರ್ವದಿಕ್ಕಿನ ಬೇರೆ ದಾರಿಗಳನ್ನು ಹಿಡಿದವು. ಆದರೆ ಆ ದಾರಿಗಳು ಅಷ್ಟು ಭಾರವನ್ನು ಹೊರುವಷ್ಟು ಅಗಲವಾಗಿರಲಿಲ್ಲ. ದಾರಿ ಹುಡುಕುವ ಜಾಣ್ಮೆ ಎಷ್ಟಿದ್ದರೂ ಇಲ್ಲದ ದಾರಿಯನ್ನು ಅದು ಸೃಷ್ಟಿಸಲಾರದು.

ಇಲ್ಲಿಯವರೆಗೆ ಹೇಳಿದ್ದು ಒಬ್ಬರದೇ ಆಡಳಿತದಲ್ಲಿರುವ ಜಾಲದ ವಿಷಯ. ಇಂಟರ್ನೆಟ್ಟಿನಲ್ಲಿ ಹತ್ತಾರು ಸಾವಿರ ಸ್ವತಂತ್ರ ಜಾಲಗಳಿವೆ. ಒಂದೊಂದಕ್ಕೂ ಒಂದೊಂದು ಸಂಖ್ಯೆ. ಇವುಗಳ ನಡುವೆ ನಡೆಯುವ ಮಾತಿಗೆ ಬಳಸುವುದು 'ಬಿಜಿಪಿ' ಎಂಬ ಪ್ರೋಟೋಕಾಲನ್ನು. ೧೯೮೯ರ ಜನವರಿಯಲ್ಲಿ ಐಬಿಎಂ ಕಂಪನಿಯ ಯಾಕೋವ್ ರೆಕ್ಟರ್, ಸಿಸ್ಕೋ ಕಂಪನಿಯ ಕರ್ಕ್ ಲೋಹೀಡ್ ಇವರಿಬ್ಬರು ಸಮ್ಮೇಳನವೊಂದರಲ್ಲಿ ಊಟದ ಹೊತ್ತಿಗೆ ಕೈಯೊರಸುವ ಕಾಗದದ ಮೇಲೆ ಇದರ ರೂಪರೇಖೆಯನ್ನು ಗೀಚಿದರು. ಇದರಲ್ಲಿ ನೆರೆಯವನು ದೂರವನ್ನಷ್ಟೇ ಹೇಳಿದರೆ ಸಾಲದು, ದಾರಿಯ ಜಾಲಗಳನ್ನೆಲ್ಲ ಹೆಸರಿಸಬೇಕು: 'ಇಂಥ ವಿಳಾಸಕ್ಕೆ ನನ್ನ ಮೂಲಕ, ಆಮೇಲೆ ಇವನ ಮೂಲಕ, ಆಮೇಲೆ ಅವನ ಮೂಲಕ'. ಪಟ್ಟಿಯಲ್ಲಿ ತನ್ನ ಸಂಖ್ಯೆಯೇ ಕಂಡರೆ ಅದು ಮರುದನಿಯೆಂದು ತಿಳಿದು ತಳ್ಳಿಬಿಡಬಹುದು. ಮೊದಲೂರು ನಡುವೂರುಗಳ ತೊಡಕು ಹೀಗೆ ಒಂದೇ ಏಟಿಗೆ ಬಗೆಹರಿಯಿತು. ಆದರೆ ಹೇಳುವವನಿಗೆ ಹೇಳುವ ಹಕ್ಕಿದೆಯೇ ಎಂಬ ವಿಚಾರಣೆ ಅದರಲ್ಲಿ ಇರಲಿಲ್ಲ.

ಅದರ ಪರಿಣಾಮ ೨೦೦೮ರ ಫೆಬ್ರವರಿ ೨೪ರಂದು ಜಗತ್ತಿಗೆ ತಿಳಿಯಿತು. ಪಾಕಿಸ್ತಾನದ ಸರ್ಕಾರ ತನ್ನ ದೇಶದಲ್ಲಿ ಯೂಟ್ಯೂಬ್ ಕಾಣದಂತೆ ಮಾಡಬೇಕೆಂದು ಆಜ್ಞಾಪಿಸಿತು. ಪಾಕಿಸ್ತಾನ್ ಟೆಲಿಕಾಂ ಸಂಸ್ಥೆಯು ಯೂಟ್ಯೂಬಿನ ವಿಳಾಸಗಳಲ್ಲಿ ಕೆಲವಕ್ಕೆ ತಾನೇ ಗಮ್ಯವೆಂಬ ಸುಳ್ಳುದಾರಿಯನ್ನು ಒಳಗೆ ಸಾರಿತು. ದೇಶದೊಳಗೇ ಇರಬೇಕಾಗಿದ್ದ ಆ ಮಾತು ಹಾಂಕಾಂಗಿನ ನೆರೆಜಾಲವೊಂದಕ್ಕೆ ದಾಟಿತು. ಅದು ವಿಚಾರಿಸದೆ ಜಗತ್ತಿಗೆಲ್ಲ ಸಾರಿತು. ಹೆಚ್ಚು ನಿರ್ದಿಷ್ಟವಾದ ವಿಳಾಸಕ್ಕೆ ಮನ್ನಣೆ ಎಂಬುದು ರೌಟರುಗಳ ನಿಯಮ. 'ಧಾರವಾಡ ಜಿಲ್ಲೆಯ ಓಲೆಗಳು ಇತ್ತ' ಎಂಬ ಫಲಕಕ್ಕಿಂತ 'ಧಾರವಾಡದ ಇಂಥ ಬೀದಿಯ ಓಲೆಗಳು ಇತ್ತ' ಎಂಬ ಫಲಕವೇ ಮೇಲು. ಯೂಟ್ಯೂಬ್ ಸಾರಿದ್ದು ಮೊದಲ ಬಗೆಯ ಫಲಕ, ಪಾಕಿಸ್ತಾನದ್ದು ಎರಡನೆಯ ಬಗೆಯದು. ಸುಮಾರು ಎರಡು ಗಂಟೆಗಳ ಕಾಲ ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ಇಲ್ಲವಾಯಿತು. ಮೂವತ್ತೈದು ವರ್ಷಗಳ ಅನಂತರ ಹಾರ್ವರ್ಡಿನ ಕಥೆಯೇ ಮರುಕಳಿಸಿದಂತಾಯಿತು.

ಇದಕ್ಕೆ ವಿಪರ್ಯಾಸವಾಗಿ, ೨೦೨೧ರ ಅಕ್ಟೋಬರ್ ೪ರಂದು ಫೇಸ್‌ಬುಕ್ ಸಂಸ್ಥೆ ಮಾತನ್ನೇ ನಿಲ್ಲಿಸಿ ಕಣ್ಮರೆಯಾಯಿತು. ನಿರ್ವಹಣೆಯ ವೇಳೆ ಕೊಟ್ಟ ತಪ್ಪು ಆಜ್ಞೆಯೊಂದರಿಂದ ಅದರ ಒಳಜಾಲದ ಬೆನ್ನೆಲುಬು ಕಡಿಯಿತು. ಹೆಸರುಗಳಿಗೆ ವಿಳಾಸ ಹೇಳುವ ಅದರ ಯಂತ್ರಗಳು, ಕೇಂದ್ರದ ಸಂಪರ್ಕ ತಪ್ಪಿದೊಡನೆ ತಾವು ಅಸ್ವಸ್ಥವೆಂದು ಬಗೆದು, ತಮಗೆ ಹಾಕಿಕೊಟ್ಟ ನಿಯಮದಂತೆ ತಮ್ಮ ದಾರಿಯ ಸಾರಿಕೆಗಳನ್ನು ಹಿಂದೆಗೆದುಕೊಂಡವು. ನೆರೆಯವರಿಗೆ ಆ ವಿಳಾಸಗಳೇ ಲೋಕದಲ್ಲಿ ಇಲ್ಲವಾದವು. ಮತ್ತೆ ಸರಿಹೋಗಲು ಸುಮಾರು ಆರು ಗಂಟೆ ಹಿಡಿಯಿತು.

ಹೇಳುವವನ ಹಕ್ಕನ್ನು ಪರೀಕ್ಷಿಸುವ ಏರ್ಪಾಡು ೨೦೧೨ರಲ್ಲಿ ಶಾಸ್ತ್ರೀಯ ರೂಪ ತಾಳಿತು. 'ಆರ್‌ಪಿಕೆಐ' ಎಂಬುದು ಅದರ ಹೆಸರು. ಇಂಥ ವಿಳಾಸಗಳನ್ನು ಇಂಥ ಸಂಖ್ಯೆಯ ಜಾಲ ಮಾತ್ರ ತನ್ನವೆಂದು ಸಾರಬಹುದೆಂದು ವಿಳಾಸದ ಒಡೆಯನು ಗಣಿತದ ಮುದ್ರೆಯೊತ್ತಿದ ಪತ್ರವನ್ನು ಇಟ್ಟಿರುತ್ತಾನೆ. ಸಾರಿಕೆ ಬಂದಾಗ ರೌಟರುಗಳು ಆ ಪತ್ರಕ್ಕೆ ತಾಳೆಹಾಕಿ ನೋಡಿ, ಹೊಂದದಿದ್ದರೆ ತಿರಸ್ಕರಿಸುತ್ತವೆ. ಪಾಕಿಸ್ತಾನದಿಂದ ಹೊರಟಂಥ ಸಾರಿಕೆ, ಈ ಪರೀಕ್ಷೆಯನ್ನು ಮಾಡುವ ಜಾಲದ ಬಾಗಿಲಲ್ಲೇ ಈಗ ನಿಂತುಹೋಗುತ್ತದೆ. ಪರೀಕ್ಷೆ ಮಾಡುವ ಜಾಲಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ. ಎಲ್ಲರೂ ಇನ್ನೂ ಮಾಡುತ್ತಿಲ್ಲ. ಅದೂ ಅಲ್ಲದೆ ಈ ಪತ್ರ ಸಾಕ್ಷಿ ಹೇಳುವುದು ದಾರಿಯ ಕೊನೆಯಲ್ಲಿ ಇರುವವನ ವಿಷಯದಲ್ಲಿ ಮಾತ್ರ. ನಡುವಣ ಪ್ರತಿ ಜಾಲವೂ ತನ್ನ ಪಾಲಿಗೆ ಮುದ್ರೆಯೊತ್ತುವ ಪದ್ಧತಿಯೊಂದು ೨೦೧೭ರಲ್ಲಿ ರೂಪುಗೊಂಡಿತಾದರೂ, ರೌಟರುಗಳಿಗೆ ಅದು ಹೊರೆಯಾಗಿ ಬಳಕೆಗೆ ಬಂದಿಲ್ಲವೆಂದೇ ಹೇಳಬೇಕು. ಅಮೆರಿಕದಿಂದ ಹೊರಟ ಆ ಓಲೆ ದಾಟಿ ಬರುವ ನಡುವಣ ಜಾಲಗಳ ಪಟ್ಟಿಯನ್ನು ರೌಟರುಗಳು ಈಗಲೂ ನೆರೆಯವನು ಹೇಳಿದಂತೆಯೇ ಬರೆದುಕೊಳ್ಳುತ್ತಿವೆ.